ಚೆಂಡು ಬಿಟ್ಟು ಹುಡುಗನನ್ನು ನೋಡು: ಅರಿಜೋನಾದಲ್ಲಿ ಸ್ಕೌಟ್ ಪಕ್ಕ ಕೂತು ಕಲಿತದ್ದು

ಅಕ್ಟೋಬರ್ ಬಂದರೆ ಫೀನಿಕ್ಸ್ ಬಿಸಿಲು ಸ್ವಲ್ಪ ಇಳಿಯುತ್ತದೆ. ಅದೇ ಹೊತ್ತಿಗೆ ಅರಿಜೋನಾ ಫಾಲ್ ಲೀಗ್ ಶುರು. 1992ರಿಂದ ನಡೆಯುತ್ತಿರುವ ಬೇಸ್‌ಬಾಲ್ ಲೀಗ್ ಇದು. ಇರುವುದು ಆರೇ ತಂಡ. ಅಮೆರಿಕದ ಅತಿ ಮೇಲಿನ ಹಂತದ ಬೇಸ್‌ಬಾಲ್ ಆದ ಮೇಜರ್ ಲೀಗಿನ 30 ತಂಡಗಳೂ ತಮ್ಮ ಭರವಸೆಯ ಹುಡುಗರನ್ನು ಇಲ್ಲಿಗೆ ಕಳಿಸುತ್ತವೆ, ಐದೈದು ತಂಡದ ಹುಡುಗರು ಸೇರಿ ಇಲ್ಲಿನ ಒಂದು ತಂಡ. ಮೆಸಾ, ಸ್ಕಾಟ್ಸ್‌ಡೇಲ್, ಪಿಯೋರಿಯಾ, ಗ್ಲೆಂಡೇಲ್, ಸರ್ಪ್ರೈಸ್, ಸಾಲ್ಟ್ ರಿವರ್, ಎಲ್ಲವೂ ಫೀನಿಕ್ಸ್ ಸುತ್ತಮುತ್ತಲೇ. ಮಾರ್ಚ್ ತಿಂಗಳಲ್ಲಿ ಮೇಜರ್ ಲೀಗ್ ತಂಡಗಳ ತಾಲೀಮು ಆಟಗಳಿಗೆ ಇದೇ ಸ್ಟೇಡಿಯಂಗಳು ತುಂಬಿ ತುಳುಕುತ್ತವೆ. ಫಾಲ್ ಲೀಗಿಗೆ ಬರುವವರು ಕಡಿಮೆ. ಅದರಲ್ಲೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದಿನ ಸೀಟುಗಳಲ್ಲಿ ಕೂತವರು ಚಪ್ಪಾಳೆ ತಟ್ಟುವುದಿಲ್ಲ, ಕೂಗುವುದಿಲ್ಲ. ಒಂದು ಕೈಯಲ್ಲಿ ಸ್ಪೀಡ್ ಗನ್, ಇನ್ನೊಂದರಲ್ಲಿ ಪೆನ್ನು. ಅವರೇ ಸ್ಕೌಟ್‌ಗಳು.

ಈ ಸೀಟುಗಳಿಗೆ ನಾನು ಹೋಗಿದ್ದು ಆಫೀಸಿನ ಗೆಳೆಯನ ಮಾವನ ಜೊತೆ. ಅವರು ವರ್ಷಗಟ್ಟಲೆ ಅರಿಜೋನಾ, ನ್ಯೂ ಮೆಕ್ಸಿಕೋ ಕಡೆ ಹೈಸ್ಕೂಲು, ಕಾಲೇಜು ಹುಡುಗರ ಆಟ ನೋಡಿ ತಂಡಕ್ಕೆ ವರದಿ ಬರೆಯುತ್ತಿದ್ದವರು. ಏರಿಯಾ ಸ್ಕೌಟ್ ಅನ್ನುತ್ತಾರೆ ಇಂಥವರಿಗೆ. ಈಗ ನಿವೃತ್ತಿ, ಆದರೂ ಅಕ್ಟೋಬರ್ ಬಂದರೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಅವರಿಗೆ ಡ್ರೈವ್ ಮಾಡುವವರು ಬೇಕಿತ್ತು, ನನಗೆ ಈ ಆಟ ಅರ್ಥ ಮಾಡಿಸುವವರು ಬೇಕಿತ್ತು. ಮನಸ್ಸಿನಲ್ಲಿ ನಾನವರನ್ನು ಅಜ್ಜ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ನಾನು ಮೈಸೂರಿನಲ್ಲಿ ಕಾಲೇಜು ದಿನಗಳಲ್ಲಿ ಮ್ಯಾಟ್ ಮೇಲೆ ಮೀಡಿಯಂ ಪೇಸ್ ಹಾಕುತ್ತಿದ್ದವನು. ಬೌಲಿಂಗ್ ನೋಡಿ ಅಭ್ಯಾಸ ಇದೆ. ಅದನ್ನು ಹೇಳಿದ್ದಕ್ಕೆ ಅಜ್ಜ ನಕ್ಕರು. "ಒಳ್ಳೇದು. ಆದ್ರೆ ನೀನು ಚೆಂಡಿನ ಹಿಂದೆ ಹೋಗ್ತೀಯ. ಮೊದಲು ಅದನ್ನ ಬಿಡು" ಅಂದರು.

ಆಟ ಶುರುವಾಗುವ ಮುಂಚೆಯೇ ನಮ್ಮ ಕೆಲಸ ಶುರು. ಆವತ್ತಿನ ಪಿಚರ್, ಅಂದರೆ ಚೆಂಡೆಸೆಯುವವನು, ತಾಲೀಮಿನ ಜಾಗವಾದ ಬುಲ್‌ಪೆನ್ನಿನಲ್ಲಿ ವಾರ್ಮಪ್ ಮಾಡುವಾಗ ನಾವು ಬೇಲಿ ಪಕ್ಕ ನಿಲ್ಲುತ್ತಿದ್ದೆವು. ಟಿವಿಯಲ್ಲಿ ಎಷ್ಟು ನೋಡಿದರೂ ಕಾಣದ ಸಂಗತಿಗಳು ಅಲ್ಲಿ ಹತ್ತಡಿ ದೂರದಲ್ಲಿ ಕಾಣುತ್ತವೆ. ಮೊದಲು ಮೈಕಟ್ಟು. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಸುತ್ತು ಹಾಕಿ ನೋಡುತ್ತಾರಲ್ಲ, ಹಾಗೆ. ಭುಜ ಅಗಲ ಇದೆಯಾ, ಕಾಲು ಉದ್ದ ಇದೆಯಾ, ಸೊಂಟ ಎತ್ತರದಲ್ಲಿದೆಯಾ, ಮಣಿಕಟ್ಟು ಸಣ್ಣದಾ ದಪ್ಪದಾ. ಹದಿನೆಂಟರ ಹುಡುಗ ಸಣಕಲಾಗಿದ್ದರೆ ಸ್ಕೌಟ್‌ಗಳಿಗೆ ಖುಷಿ. ಮೈ ತುಂಬಿಕೊಂಡರೆ ವೇಗವೂ ಜೊತೆಗೆ ಬರಬಹುದು ಅನ್ನುವ ಲೆಕ್ಕ. ಅದೇ ವಯಸ್ಸಿಗೆ ಪೂರ್ತಿ ಗಂಡಸಿನ ಹಾಗೆ ಬೆಳೆದುಬಿಟ್ಟವನು ಇವತ್ತು ಜೋರಾಗಿ ಎಸೆಯಬಹುದು, ಆದರೆ ಅವನಲ್ಲಿ ಇನ್ನು ಬೆಳೆಯಲು ಎಷ್ಟು ಉಳಿದಿದೆ ಅಂತ ಕೇಳುತ್ತಾರೆ. ಹುಡುಗನ ಅಪ್ಪ ಅಮ್ಮ ಆಟಕ್ಕೆ ಬಂದಿದ್ದರೆ ಅವರ ಎತ್ತರವನ್ನೂ ಅಜ್ಜ ಕಣ್ಣಲ್ಲೇ ಅಳೆಯುತ್ತಿದ್ದರಂತೆ.

ಆಮೇಲೆ ಕೈ. ಚೆಂಡು ಗ್ಲೌಸಿನಿಂದ ಹೊರಬಂದು, ಹಿಂದಕ್ಕೆ ಹೋಗಿ, ಮೇಲೆ ಬಂದು, ಬಿಡುಗಡೆ ಆಗುವವರೆಗಿನ ದಾರಿ. ಅದು ಒಂದೇ ಓಟದಲ್ಲಿ ಸರಾಗವಾಗಿ ಬರುತ್ತಾ, ಇಲ್ಲಾ ಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡು ಜರ್ಕ್ ಹೊಡೆಯುತ್ತಾ? ಮುಂಗಾಲು ನೆಲ ಮುಟ್ಟುವ ಹೊತ್ತಿಗೆ ಕೈ ಮೇಲೆ ಬಂದಿರಬೇಕು. ತಡವಾದರೆ ಮೊಣಕೈ, ಭುಜದ ಮೇಲೆ ಭಾರ ಬೀಳುತ್ತದೆ. ಬಿಡುವ ಕೋನವನ್ನೂ ಬರೆದುಕೊಳ್ಳುತ್ತಾರೆ: ತಲೆಯ ಮೇಲಿಂದ, ಮುಕ್ಕಾಲು ಎತ್ತರದಿಂದ, ಪಕ್ಕದಿಂದ. ಪಿಚರಿಗೆ ಬೌಲರ್ ಥರ ರನ್‌ಅಪ್ ಇಲ್ಲ. 10 ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ ಎಲ್ಲ ಬಲ ಹುಟ್ಟಬೇಕು. ಅದಕ್ಕೇ ಕಾಲು, ಸೊಂಟ, ಬೆನ್ನು ಯಾವ ಕ್ರಮದಲ್ಲಿ ತಿರುಗುತ್ತವೆ ಅನ್ನುವುದು ಇಲ್ಲಿ ಅಷ್ಟು ಮುಖ್ಯ.

ಒಂದು ಸಂಜೆ ಸ್ಕಾಟ್ಸ್‌ಡೇಲ್‌ನಲ್ಲಿ ವಾರ್ಮಪ್ ಮುಗಿಸಿ ಪಿಚರ್ ಮೈದಾನದ ಕಡೆ ಹೋದ. ನಾನೂ ಸೀಟಿನ ಕಡೆ ಹೊರಟೆ. ಅಜ್ಜ ನನ್ನ ತೋಳು ಹಿಡಿದು ನಿಲ್ಲಿಸಿದರು. "ಮಣ್ಣು ನೋಡು." ಬುಲ್‌ಪೆನ್ನಿನ ದಿಬ್ಬವನ್ನು ಸ್ವಲ್ಪ ಹೊತ್ತಿನ ಮುಂಚೆ ಸಮ ಮಾಡಿದ್ದರು. ಹುಡುಗನ ಮುಂಗಾಲು ಊರಿದ ಜಾಗದಲ್ಲಿ ಒಂದೇ ಒಂದು ಆಳವಾದ ಗುಂಡಿ, ಶೂ ಅಳತೆಗಿಂತ ಒಂಚೂರು ದೊಡ್ಡದು. ಅಷ್ಟು ಚೆಂಡು ಎಸೆದರೂ ಕಾಲು ಅಲ್ಲೇ ಬಿದ್ದಿದೆ ಅಂತ ಅರ್ಥ. ಆಚೆ ಬುಲ್‌ಪೆನ್ನಿಗೆ ಕರೆದುಕೊಂಡು ಹೋಗಿ ಎದುರಾಳಿ ಪಿಚರ್ ಬಿಟ್ಟು ಹೋದ ಮಣ್ಣು ತೋರಿಸಿದರು. ಅಲ್ಲಿ ಮೂರು ಗುಂಡಿ, ಒಂದಕ್ಕೊಂದು ತಾಗಿಕೊಂಡು, ಒಂದು ಸಾಕಷ್ಟು ಪಕ್ಕಕ್ಕೆ. "ಇವನಿಗೆ ಇವತ್ತು ವಾಕ್ ಜಾಸ್ತಿ" ಅಂದರು. ವಾಕ್ ಅಂದರೆ ನಾಲ್ಕು ಚೆಂಡು ಸ್ಟ್ರೈಕ್ ಜಾಗದ (ಹೋಮ್ ಪ್ಲೇಟ್ ಮೇಲೆ, ಬ್ಯಾಟರ್‌ನ ಮಂಡಿಯಿಂದ ಎದೆಯವರೆಗಿನ ಚೌಕದ) ಹೊರಗೆ ಎಸೆದು ಬ್ಯಾಟರನ್ನು ಸುಮ್ನೆ ಮೊದಲ ಬೇಸಿಗೆ ಕಳಿಸುವುದು. ಮೂರನೇ ಇನಿಂಗ್ಸ್‌ಗೇ ಆ ಹುಡುಗನನ್ನು ತೆಗೆದರು.

ಇಷ್ಟೆಲ್ಲ ಆದ ಮೇಲೆ ಸೀಟು, ಸ್ಪೀಡ್ ಗನ್. ಪಿಚರ್ ಕೈ ಎತ್ತಿದ ಕೂಡಲೇ ಸುತ್ತಲಿನ ಗನ್‌ಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ, ನೋಡಲು ತಮಾಷೆ. ಪೊಲೀಸರು ಕಾರಿಗೆ ಹಿಡಿಯುತ್ತಿದ್ದ ರಾಡಾರ್ ಗನ್ನನ್ನು 1970ರ ದಶಕದಲ್ಲಿ ಬೇಸ್‌ಬಾಲಿಗೆ ತಂದವರು ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಕೋಚ್ ಡ್ಯಾನಿ ಲಿಟ್‌ವೈಲರ್. ಅಜ್ಜ ಗನ್ ತರುತ್ತಲೇ ಇರಲಿಲ್ಲ. ಮುಂದಿನ ಸಾಲಿನವರ ಗನ್ ಹಿಂಭಾಗದಲ್ಲಿ ಕೆಂಪು ಅಂಕಿ ಕಾಣುತ್ತದೆ, ಅದೇ ಸಾಕು. ನನಗೆ ಕೊಟ್ಟ ಕೆಲಸ ಅದನ್ನು ಬರೆದುಕೊಳ್ಳುವುದು. ಒಂದೇ ಒಂದು ದೊಡ್ಡ ಅಂಕಿ ಬರೆದರೆ ಒಪ್ಪುತ್ತಿರಲಿಲ್ಲ. "92ರಿಂದ 95, ಒಮ್ಮೆ 97" ಹೀಗೆ ಬರೆಯಬೇಕು. ಮೊದಲ ಇನಿಂಗ್ಸ್‌ನಲ್ಲಿ ಎಷ್ಟು, ನಾಲ್ಕನೆಯದರಲ್ಲಿ ಎಷ್ಟು, ಬೇಸ್ ಮೇಲೆ ಓಟಗಾರ ಇದ್ದಾಗ ಎಷ್ಟು ಅಂತ ಬೇರೆ ಬೇರೆ. ಇದು ಮೈಲಿ ಲೆಕ್ಕ. ಮೇಜರ್ ಲೀಗಿನ ಫಾಸ್ಟ್‌ಬಾಲ್ ಸರಾಸರಿ ಈಗ 94ರ ಆಸುಪಾಸು, ಅಂದರೆ ಗಂಟೆಗೆ ಸುಮಾರು 151 ಕಿಲೋಮೀಟರ್. ದಿಬ್ಬದಿಂದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ಬ್ಯಾಟರಿಗೆ ಸಿಗುವುದು ಸುಮಾರು 0.4 ಸೆಕೆಂಡು, ಅಷ್ಟೇ.

ಇಲ್ಲಿ ಅಂಕ ಕೊಡುವ ಪದ್ಧತಿ ಹೇಳಲೇಬೇಕು. 20ರಿಂದ 80ರವರೆಗೆ. 50 ಅಂದರೆ ಮೇಜರ್ ಲೀಗಿನ ಸರಾಸರಿ. 60 ಚೆನ್ನಾಗಿದೆ, 70 ತುಂಬಾ ಅಪರೂಪ, 80 ಅನ್ನು ಕೆಲವು ಸ್ಕೌಟ್‌ಗಳು ವರ್ಷಗಟ್ಟಲೆ ಬರೆಯುವುದೇ ಇಲ್ಲ. ನಮಗೆ 35 ಅಂದರೆ ಜಸ್ಟ್ ಪಾಸು, ಇಲ್ಲಿ 35 ಅಂದರೆ ನಪಾಸೇ. ಫಾಸ್ಟ್‌ಬಾಲ್, ಕರ್ವ್ (ಬಾಗಿ ಕೆಳಗಿಳಿಯುವ ಚೆಂಡು), ಸ್ಲೈಡರ್ (ಪಕ್ಕಕ್ಕೆ ಜಾರುವ ಚೆಂಡು), ಚೇಂಜ್‌ಅಪ್, ನಿಯಂತ್ರಣ, ಹೀಗೆ ಒಂದೊಂದಕ್ಕೂ ಎರಡೆರಡು ಅಂಕ: ಒಂದು ಈಗಿನದು, ಒಂದು ಮುಂದಿನದು. ಹತ್ತೊಂಬತ್ತರ ಹುಡುಗನ ಚೇಂಜ್‌ಅಪ್‌ಗೆ ಈಗ 35, ಮುಂದೆ 50 ಅಂತ ಬರೆದರೆ ನೀವು ಒಂದು ಭವಿಷ್ಯ ಹೇಳಿ, ಅದರ ಕೆಳಗೆ ಸಹಿ ಹಾಕಿದ ಹಾಗೆ. ಸ್ಕೌಟಿನ ಸಂಬಳ ಆ ಎರಡನೇ ಅಂಕಕ್ಕೆ. ಮೊದಲನೆಯದನ್ನು ಯಂತ್ರವೂ ಹೇಳುತ್ತದೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಚೇಂಜ್‌ಅಪ್ ಬೇಗ ಅರ್ಥವಾಗುತ್ತದೆ. ವೆಂಕಟೇಶ್ ಪ್ರಸಾದ್ ಹಾಕುತ್ತಿದ್ದ ಸ್ಲೋ ಬಾಲ್ ನೆನಪಿದೆಯಲ್ವಾ? ಕೈ ಅದೇ ವೇಗದಲ್ಲಿ ಬರುತ್ತದೆ, ಚೆಂಡು ಮಾತ್ರ ತಡ. ಇಲ್ಲೂ ಅದೇ. ಫಾಸ್ಟ್‌ಬಾಲಿಗಿಂತ ಎಂಟು ಹತ್ತು ಮೈಲಿ ನಿಧಾನ, ಆದರೆ ಕೈ ವೇಗ ಒಂಚೂರೂ ಇಳಿಯಬಾರದು. ಹುಡುಗರು ಇಲ್ಲೇ ಸಿಕ್ಕಿಬೀಳುತ್ತಾರೆ. ನಿಧಾನ ಎಸೆಯಬೇಕು ಅನ್ನುವ ಯೋಚನೆಗೇ ಕೈಯೂ ನಿಧಾನವಾಗುತ್ತದೆ, ಬ್ಯಾಟರಿಗೆ ಸುಳಿವು ಸಿಗುತ್ತದೆ. ಅದನ್ನು ಹಿಡಿಯಲು ಚೆಂಡು ನೋಡಬೇಕಾಗಿಲ್ಲ. ಬ್ಯಾಟರ್‌ನ ಮುಂಗಾಲು ನೋಡಿದರೆ ಸಾಕು. ಅವನು ಮೋಸ ಹೋದರೆ ಕಾಲು ಬೇಗ ಊರಿ, ಭಾರವೆಲ್ಲ ಮುಂದಕ್ಕೆ ಬಂದು, ಬ್ಯಾಟು ಸುಮ್ನೆ ಹಿಂದೆ ಬರುತ್ತದೆ. ಕರ್ವ್‌ಬಾಲ್ ಎಷ್ಟು ಚೆನ್ನಾಗಿದೆ ಅನ್ನುವುದೂ ಮಂಡಿಯಲ್ಲೇ ಗೊತ್ತಾಗುತ್ತದೆ. ತಲೆಗೆ ಬರುತ್ತದೆ ಅಂದುಕೊಂಡ ಚೆಂಡು ಇಳಿದು ಸ್ಟ್ರೈಕ್ ಆದಾಗ ಬ್ಯಾಟರ್ ಮಂಡಿ ಒಂದು ಕ್ಷಣ ಬಗ್ಗುತ್ತದೆ. ಅಜ್ಜ ಅಂಥದ್ದು ಕಂಡಾಗ ಏನೂ ಹೇಳುತ್ತಿರಲಿಲ್ಲ, ಕಾರ್ಡಿನ ಮೂಲೆಯಲ್ಲಿ ಒಂದು ಚುಕ್ಕಿ ಇಡುತ್ತಿದ್ದರು.

ಆಮೇಲೆ ಒಂದು ದಿನ ವಿಚಿತ್ರ ಅಪ್ಪಣೆ ಬಂತು. ಎರಡು ಇನಿಂಗ್ಸ್ ಪೂರ್ತಿ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಮಿಟ್ (ಗ್ಲೌಸು) ಬಿಟ್ಟು ಬೇರೇನೂ ನೋಡಬಾರದು. ಪಿಚರನ್ನೂ ನೋಡಬಾರದು. ಕಷ್ಟ ಸ್ವಾಮಿ! ಚೆಂಡು ಹೊಡೆದ ಸದ್ದು ಕೇಳಿದರೆ ಕತ್ತು ತಾನಾಗಿ ತಿರುಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಒಂದು ವಿಷಯ ಕಾಣತೊಡಗಿತು. ಕ್ಯಾಚರ್ ಮಿಟ್ಟನ್ನು ಹೊರ ಮೂಲೆಯಲ್ಲಿ ಕೆಳಗೆ ಹಿಡಿಯುತ್ತಾನೆ, ಚೆಂಡು ಒಳಗೆ ಎದೆಯ ಎತ್ತರಕ್ಕೆ ಬರುತ್ತದೆ. ಅಂಪೈರ್ ಸ್ಟ್ರೈಕ್ ಅನ್ನುತ್ತಾನೆ, ಸ್ಕೋರ್‌ಬೋರ್ಡಿನಲ್ಲಿ ಎಲ್ಲ ಸರಿ. ಆದರೆ ಪಿಚರ್ ಅಂದುಕೊಂಡ ಜಾಗಕ್ಕೂ ಬಿದ್ದ ಜಾಗಕ್ಕೂ ಎರಡು ಅಡಿ ವ್ಯತ್ಯಾಸ. ಸ್ಟ್ರೈಕ್ ಎಸೆಯುವುದು ಕಂಟ್ರೋಲ್. ಮಿಟ್ ಕದಲದ ಹಾಗೆ ಎಸೆಯುವುದು ಕಮಾಂಡ್. ಎರಡಕ್ಕೂ ಬೇರೆ ಬೇರೆ ಅಂಕ. ಸಣ್ಣ ಲೀಗುಗಳಲ್ಲಿ ಮೊದಲನೆಯದರಲ್ಲೇ ಬದುಕಬಹುದು. ಮೇಲಿನ ಹಂತದ ಬ್ಯಾಟರುಗಳು ಎದೆಯ ಎತ್ತರದ ಆ ಚೆಂಡನ್ನು ಗ್ಯಾಲರಿಗೆ ಕಳಿಸುತ್ತಾರೆ.

ಸ್ಟಾಪ್‌ವಾಚ್ ಕೆಲಸ ಸುಲಭ. ಬೇಸ್ ಮೇಲೆ ಓಟಗಾರ ಇರುವಾಗ ಪಿಚರ್ ಮೊದಲು ಕದಲಿದಾಗ ಒತ್ತು, ಚೆಂಡು ಮಿಟ್ಟಿಗೆ ಬಿದ್ದಾಗ ಒತ್ತು. 1.3 ಸೆಕೆಂಡು ಬಂದರೆ ಸರಿ. 1.5 ಆದರೆ ಎದುರಾಳಿಗಳು ಬೇಸ್ ಕದಿಯುತ್ತಾರೆ, ಅಂದರೆ ಚೆಂಡು ಎಸೆಯುವಷ್ಟರಲ್ಲಿ ಮುಂದಿನ ಬೇಸಿಗೆ ಓಡಿಬಿಡುತ್ತಾರೆ. ಕ್ಯಾಚರ್ ಎರಡನೇ ಬೇಸಿಗೆ ಎಸೆಯಲು ಇನ್ನೊಂದು ಎರಡು ಸೆಕೆಂಡು ಬೇಕು, ಕೂಡಿಸಿ ನೋಡಿ. 2023ರಲ್ಲಿ ಬೇಸ್ ಗಾತ್ರ 15 ಇಂಚಿನಿಂದ 18ಕ್ಕೆ ಏರಿತು, ಓಟಗಾರನನ್ನು ಹೆದರಿಸಲು ಪದೇ ಪದೇ ಬೇಸಿಗೆ ಎಸೆಯುವುದಕ್ಕೂ ಮಿತಿ ಬಂತು. ಅಲ್ಲಿಂದ ಈ ಗಡಿಯಾರಕ್ಕೆ ಬೆಲೆ ಜಾಸ್ತಿಯಾಗಿದೆ. ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನುವ ಪಿಚ್ ಕ್ಲಾಕ್ ನಿಯಮವನ್ನು 2014ರಲ್ಲಿ ಮೊದಲು ಪರೀಕ್ಷೆ ಮಾಡಿದ್ದೂ ಇದೇ ಫಾಲ್ ಲೀಗಿನಲ್ಲಿ.

ಮಾರ್ಚ್‌ನಲ್ಲಿ ಒಂದು ಹೈಸ್ಕೂಲ್ ಆಟಕ್ಕೂ ಹೋದೆವು. ಅದರ ಹವಾನೇ ಬೇರೆ. ಮೈದಾನ ಸಾಧಾರಣ, ಕಬ್ಬಿಣದ ಬೆಂಚು, ಅಮ್ಮಂದಿರು ಹಾಟ್ ಡಾಗ್ ಮಾರುತ್ತಿದ್ದರು. ಆದರೆ ಜಾಲರಿ ಹಿಂದೆ ಹತ್ತಾರು ಸ್ಕೌಟ್‌ಗಳು ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಎಲ್ಲ ಒಬ್ಬನೇ ಹುಡುಗನಿಗಾಗಿ. ಅವನು ಇನ್ನೂ ಗಡ್ಡ ಸರಿಯಾಗಿ ಬಾರದವನು. ಚೆಂಡು ಎಸೆದ ಕೂಡಲೇ ಜಾಲರಿ ಕಡೆ ಕಣ್ಣು ಹಾಯಿಸುತ್ತಾನೆ, ಗನ್ ಎಷ್ಟು ತೋರಿಸಿತು ಅಂತ. ಅಜ್ಜನಿಗೆ ಅದು ಇಷ್ಟವಾಗಲಿಲ್ಲ. ನನಗೆ ಪಾಪ ಅನ್ನಿಸಿತು. ಹದಿನೆಂಟು ವರ್ಷಕ್ಕೆ ಲಕ್ಷಾಂತರ ಡಾಲರ್ ಆ ಅಂಕಿಯ ಮೇಲೆ ನಿಂತಿದೆ ಅಂದರೆ ಯಾರು ತಾನೇ ನೋಡುವುದಿಲ್ಲ?

ಅಜ್ಜ ಆವತ್ತು ಕಾಯುತ್ತಿದ್ದುದು ಏನಾದರೂ ಕೆಡುವುದನ್ನು. ಮೂರನೇ ಇನಿಂಗ್ಸ್‌ನಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್) ಹುಡುಗ ಸುಲಭದ ಚೆಂಡು ಕೈಬಿಟ್ಟ, ಆಮೇಲೆ ಒಂದು ವಾಕ್, ಆಮೇಲೆ ಒಂದು ಹೊಡೆತ. ಪಿಚರ್ ಮುಖ ಕೆಂಪಾಯಿತು. ದಿಬ್ಬದ ಹಿಂದೆ ಹೋಗಿ ಮಣ್ಣು ಒದ್ದ. ಮುಂದಿನ ಚೆಂಡು ಆ ದಿನದ ಅತಿ ಜೋರಿನ ಚೆಂಡು, ಸೀದಾ ಹಿಂದಿನ ಜಾಲರಿಗೆ. ಇನಿಂಗ್ಸ್ ಮುಗಿದ ಮೇಲೆ ಅವನು ನೆಟ್ಟಗೆ ಆ ಶಾರ್ಟ್‌ಸ್ಟಾಪ್ ಹತ್ತಿರ ಹೋಗಿ, ಗ್ಲೌಸಿನಿಂದ ಬೆನ್ನು ತಟ್ಟಿ ಏನೋ ಹೇಳಿ ನಗಿಸಿದ. ಅಜ್ಜ ಆಗ ಪೆನ್ನು ತೆಗೆದರು. ಮಣ್ಣು ಒದ್ದದ್ದನ್ನೂ ಬರೆದರು, ಬೆನ್ನು ತಟ್ಟಿದ್ದನ್ನೂ ಬರೆದರು.

ಇಂಥ ಹುಡುಗರು ಹೋಗುವುದು, ತಂಡಗಳು ಸರದಿಯ ಪ್ರಕಾರ ಹೊಸಬರನ್ನು ಆರಿಸಿಕೊಳ್ಳುವ ಜುಲೈ ತಿಂಗಳ ಡ್ರಾಫ್ಟ್‌ಗೆ. 1965ರಲ್ಲಿ ಶುರುವಾದ ಪದ್ಧತಿ, ಈಗ 20 ಸುತ್ತು. ಏರಿಯಾ ಸ್ಕೌಟ್ ಒಬ್ಬ ಹುಡುಗನನ್ನು ಮೆಚ್ಚಿದರೆ ಅದು ಮೊದಲ ಮೆಟ್ಟಿಲು ಮಾತ್ರ. ಮೇಲಿಂದ ಕ್ರಾಸ್‌ಚೆಕರ್ ಬಂದು ನೋಡುತ್ತಾರೆ, ಅವರಿಗೂ ಹಿಡಿಸಿದರೆ ಸ್ಕೌಟಿಂಗ್ ಡೈರೆಕ್ಟರ್. ಕ್ರಾಸ್‌ಚೆಕರ್ ಬಂದ ದಿನವೇ ಹುಡುಗನಿಗೆ ಜ್ವರ, ವೇಗ ನಾಲ್ಕು ಮೈಲಿ ಕಡಿಮೆ, ಮುಗಿಯಿತು ಕಥೆ. ಇದರ ಜೊತೆ ಹುಡುಗನ ಮನೆಗೆ ಹೋಗಿ ಅಡಿಗೆಮನೆ ಮೇಜಿನ ಸುತ್ತ ಕೂತು, ಕಾಲೇಜಿಗೆ ಹೋಗ್ತೀಯಾ, ಎಷ್ಟು ದುಡ್ಡು ಕೊಟ್ಟರೆ ಸಹಿ ಹಾಕ್ತೀಯಾ ಅಂತ ಕೇಳುವುದೂ ಸ್ಕೌಟ್ ಕೆಲಸವೇ.

ಇಷ್ಟು ಜರಡಿ ಹಿಡಿದರೂ ಎಷ್ಟು ತಪ್ಪುತ್ತದೆ ನೋಡಿ. ಜೇಕಬ್ ಡಿಗ್ರಾಮ್ ಕಾಲೇಜಿನಲ್ಲಿ ಬಹುಪಾಲು ಶಾರ್ಟ್‌ಸ್ಟಾಪ್ ಆಡಿದವರು, 2010ರಲ್ಲಿ ಒಂಬತ್ತನೇ ಸುತ್ತಿನಲ್ಲಿ ಆಯ್ಕೆಯಾದರು. 2018, 2019 ಎರಡೂ ವರ್ಷ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರದೇ. ಮಾರ್ಕ್ ಆಪೆಲ್ 2013ರಲ್ಲಿ ಇಡೀ ದೇಶಕ್ಕೇ ಮೊದಲನೆಯವರಾಗಿ ಆಯ್ಕೆಯಾದರು, ಮೇಜರ್ ಲೀಗಿನ ಮೈದಾನಕ್ಕೆ ಇಳಿದದ್ದು 2022ರಲ್ಲಿ. ಟಿಮ್ ಲಿನ್ಸಿಕಮ್ ಕುಳ್ಳಗೆ, ತೆಳ್ಳಗೆ ಇದ್ದರು, ಮೈ ತಿರುಚಿ ಎಸೆಯುವ ರೀತಿ ನೋಡಿ ಬಾಳಿಕೆ ಬರೋಲ್ಲ ಅಂದವರು ಬಹಳ ಮಂದಿ. 2006ರಲ್ಲಿ ಒಂಬತ್ತು ಆಯ್ಕೆಗಳು ಮುಗಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಹತ್ತನೆಯವರಾಗಿ ಹಿಡಿದುಕೊಂಡಿತು, ಅವರೂ ಎರಡು ಸೈ ಯಂಗ್ ಗೆದ್ದರು. ಇದನ್ನೆಲ್ಲ ಓದುವಾಗ ನನಗೆ ನಮ್ಮ ಚಂದ್ರಶೇಖರ್ ನೆನಪಾಗುತ್ತಾರೆ. ಪೋಲಿಯೋ ತಗುಲಿ ಸಣ್ಣದಾದ ಬಲಗೈಯಲ್ಲೇ ಬೌಲ್ ಮಾಡಿ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದವರು. ಅಜ್ಜನಿಗೆ ಆ ಕೈ ವಿಷಯ ಹೇಳಿದೆ. ತುಂಬಾ ಹೊತ್ತು ಯೋಚಿಸಿ, "ನಾನಾಗಿದ್ರೆ ಬರೀತಿರಲಿಲ್ಲ" ಅಂದರು.

ಎಲ್ಲಕ್ಕಿಂತ ದೊಡ್ಡ ಜೂಜು ಮೊಣಕೈ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಅನ್ನುವ ಪಿಚರ್‌ಗೆ ಮೊಣಕೈಯಲ್ಲಿ ಹರಿದ ತಂತುಬಂಧದ (ಲಿಗಮೆಂಟ್) ಜಾಗಕ್ಕೆ ಇನ್ನೊಂದು ಕಡೆಯ ಸ್ನಾಯುರಜ್ಜು ಹಾಕಿ ಜೋಡಿಸಿದರು. ಇವತ್ತು ಆ ಆಪರೇಷನ್ನಿಗೆ ಅವನದೇ ಹೆಸರು, ಹೈಸ್ಕೂಲು ಹುಡುಗರೂ ಮಾಡಿಸಿಕೊಳ್ಳುತ್ತಾರೆ. ವೇಗಕ್ಕೆ ಬೆಲೆ ಏರಿದಷ್ಟೂ ಮೊಣಕೈಗೆ ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಜಾಲರಿ ಹಿಂದೆ ಏಳುವ ಆ ಗನ್‌ಗಳಿಗೂ ಇದರಲ್ಲಿ ಪಾಲಿದೆ.

ಗನ್ ಒಂದನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ ಉದಾಹರಣೆಯೇ ಇದೆ. 2008ರಲ್ಲಿ ಭಾರತದಲ್ಲಿ ಜೋರಾಗಿ ಚೆಂಡೆಸೆಯುವವರಿಗಾಗಿ ಸ್ಪರ್ಧೆ ನಡೆಯಿತು. ಗೆದ್ದವನು ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ), ಜೊತೆಗೆ ದಿನೇಶ್ ಪಟೇಲ್. ಇಬ್ಬರೂ ಉತ್ತರ ಪ್ರದೇಶದವರು, ಜಾವೆಲಿನ್ ಎಸೆಯುತ್ತಿದ್ದವರು. ಕ್ರಿಕೆಟ್ ಬೌಲರ್ ಕೈ ನೆಟ್ಟಗಿಟ್ಟು ತಿರುಗಿಸಿ ಅಭ್ಯಾಸ ಆದವನು, ಜಾವೆಲಿನ್‌ನವರಿಗೆ ಮೊಣಕೈ ಮಡಿಸಿ ಎಸೆಯುವುದು ಗೊತ್ತು. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರಿಗೂ ಸಹಿ ಹಾಕಿಸಿತು. ಬೇಸ್‌ಬಾಲ್ ಏನೆಂದೇ ಗೊತ್ತಿಲ್ಲದೆ ಬಂದ ಹುಡುಗರು ಅಷ್ಟು ದೂರ ಹೋದದ್ದೇ ದೊಡ್ಡ ಸಾಧನೆ. ಆದರೆ ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ರಿಂಕು ಆಮೇಲೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದ.

ಈಗ ಗನ್ನನ್ನೂ ಮೀರಿದ ಯಂತ್ರಗಳು ಬಂದಿವೆ. ಟ್ರ್ಯಾಕ್‌ಮ್ಯಾನ್, ರಾಪ್ಸೋಡೊ, ಹೈ ಸ್ಪೀಡ್ ಕ್ಯಾಮೆರಾ. ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಎಷ್ಟು ಇಂಚು ಕಡಿಮೆ ಇಳಿಯುತ್ತದೆ, ಎಲ್ಲ ಫೋನಿನಲ್ಲೇ ಬರುತ್ತದೆ. ಕೆಲವು ತಂಡಗಳು ಸ್ಕೌಟ್‌ಗಳ ಸಂಖ್ಯೆಯನ್ನೇ ಇಳಿಸಿವೆ. ಅಜ್ಜ ಇದಕ್ಕೆ ಬೇಜಾರು ಮಾಡಿಕೊಂಡವರಲ್ಲ. ಯಾಕೆ ಕೆಲವರ 92 ಮೈಲಿ ಚೆಂಡಿಗೆ ಬ್ಯಾಟು ತಾಗುವುದೇ ಇಲ್ಲ ಅಂತ ಹಿಂದೆ ಊಹೆ ಮಾಡುತ್ತಿದ್ದರಂತೆ, ಯಂತ್ರ ಅದಕ್ಕೆ ಉತ್ತರ ಕೊಟ್ಟಿತು ಅನ್ನುತ್ತಾರೆ. ನಾನು ಸಾಫ್ಟ್‌ವೇರ್‌ನವನು, ಅಂಕಿಯನ್ನು ನಂಬುವವನು. ಆದರೂ ಆ ಹೈಸ್ಕೂಲ್ ಮೈದಾನದಲ್ಲಿ ಬೆನ್ನು ತಟ್ಟಿದ್ದನ್ನು ಯಾವ ಕ್ಯಾಮೆರಾ ಯಾವ ಕಾಲಂನಲ್ಲಿ ತುಂಬಬೇಕು ಅಂತ ನನಗೆ ಹೊಳೆಯುವುದಿಲ್ಲ.

ಸೀಸನ್ ಕೊನೆಗೆ ನಾನೇ ಒಂದು ವರದಿ ಬರೆಯಬೇಕಾಯಿತು. ಒಬ್ಬ ಎಡಗೈ ಪಿಚರ್ ಬಗ್ಗೆ. ಅಜ್ಜ ಮೊದಲ ಕರಡಿನಲ್ಲಿ "ಒಳ್ಳೆಯ", "ಅದ್ಭುತ" ಅನ್ನುವ ಮಾತುಗಳಿಗೆಲ್ಲ ಗೀಟು ಎಳೆದರು. "ಕಂಡದ್ದು ಬರಿ." ಕೊನೆಗೆ ಉಳಿದದ್ದು ಇಷ್ಟು: 6 ಅಡಿ 3 ಇಂಚು, ಭುಜ ಅಗಲ, ಇನ್ನೂ ತೂಕ ಹಿಡಿಯಬಲ್ಲ. ಮುಕ್ಕಾಲು ಎತ್ತರದಿಂದ ಎಸೆಯುತ್ತಾನೆ, ಕೈ ಸರಾಗ, ಮುಂಗಾಲು ಒಂದೇ ಜಾಗಕ್ಕೆ. ಫಾಸ್ಟ್‌ಬಾಲ್ 91ರಿಂದ 94, ಈಗ 45, ಮುಂದೆ 55. ಸ್ಲೈಡರ್ ಈಗ 45, ಮುಂದೆ 50. ಚೇಂಜ್‌ಅಪ್ ಎಸೆಯುವಾಗ ಕೈ ನಿಧಾನವಾಗುತ್ತದೆ, ಈಗ 35, ಮುಂದೆ 50. ಕಮಾಂಡ್ ಈಗ 40, ಮುಂದೆ 50. ಓಟಗಾರ ಇರುವಾಗ 1.3. ಸ್ಟಾರ್ಟರ್ (ಆಟ ಶುರು ಮಾಡಿ ಹೆಚ್ಚು ಇನಿಂಗ್ಸ್ ಎಸೆಯುವ ಪಿಚರ್) ಆಗುತ್ತಾನೆ.

ಅಜ್ಜ ಚೇಂಜ್‌ಅಪ್‌ನ 50 ಹೊಡೆದು 40 ಮಾಡಿದರು, ಸ್ಟಾರ್ಟರ್ ತೆಗೆದು ರಿಲೀವರ್ (ಮಧ್ಯದಲ್ಲಿ ಬಂದು ಸ್ವಲ್ಪ ಹೊತ್ತು ಎಸೆಯುವವನು) ಅಂತ ಬರೆದರು. ಮೂರನೇ ಬಗೆಯ ಚೆಂಡು ಇಲ್ಲದವನು ಐದಾರು ಇನಿಂಗ್ಸ್ ಎಸೆಯಲಾರ, ಅದೇ ಬ್ಯಾಟರುಗಳು ಎರಡನೇ ಸಲ ಬಂದಾಗ ಓದಿಬಿಡುತ್ತಾರೆ ಅನ್ನುವುದು ಅವರ ವಾದ. ಕೈ ಅಷ್ಟು ಸರಾಗ ಇರುವವನು ಕಲಿತೇ ಕಲಿಯುತ್ತಾನೆ ಅನ್ನುವುದು ನನ್ನದು. ವಾಪಸ್ ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಇದೇ ಜಗಳ. ಹುಡುಗ ಈಗ ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದಲ್ಲಿ ಆಡುತ್ತಿದ್ದಾನೆ, ಸದ್ಯಕ್ಕೆ ಸ್ಟಾರ್ಟರ್ ಆಗಿಯೇ.